ಗಾತ್ರ ಕಿರಿದಾದಾಗ ಲೋಹ ಬಾಗುವ ಬಗೆ

ಕೇಳುಗರಿಗೆ ನಮಸ್ಕಾರ.

ತಾಮ್ರದ ತಗಡನ್ನು ಬಡಿದು ಬಿಂದಿಗೆ ಮಾಡುವವರು ಕೆಲಸದ ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಬಡಿದಷ್ಟೂ ತಗಡು ಬಿರುಸಾಗುತ್ತದೆ. ಕಾಯಿಸಿದರೆ ಮೆತ್ತಗಾಗಿ ಮತ್ತೆ ಹದಕ್ಕೆ ಬರುತ್ತದೆ. ಬಲವನ್ನು ತೆಗೆದ ಮೇಲೂ ಉಳಿದುಬಿಡುವ ಇಂತಹ ಆಕಾರ ಬದಲಾವಣೆಗೆ ಪ್ಲಾಸ್ಟಿಕ್ ವಿರೂಪ ಎಂದು ಹೆಸರು. ಲೋಹದ ತುಣುಕು ಕೂದಲಿಗಿಂತಲೂ ತೆಳ್ಳಗಿರುವಾಗ ಈ ವಿರೂಪವನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವುದು ಹೇಗೆ ಎಂಬುದು ಇಂದಿನ ಮಾತು.

ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಕೂತಿರುತ್ತವೆ. ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಎಷ್ಟು ಪೀಡನ, ಅಂದರೆ ಇಂತಿಷ್ಟು ವಿಸ್ತೀರ್ಣದ ಮೇಲೆ ಬೀಳುವ ಬಲ, ಬೇಕೆಂದು 1926ರಲ್ಲಿ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿದರು. ತಾಮ್ರಕ್ಕೆ ಆ ಲೆಕ್ಕ ಕೆಲವು ಗಿಗಾಪ್ಯಾಸ್ಕಲ್‌ಗಳ, ಅಂದರೆ ವಾಯುಭಾರದ ಹತ್ತಾರು ಸಾವಿರ ಪಟ್ಟಿನ, ಉತ್ತರ ಕೊಡುತ್ತದೆ. ಶುದ್ಧ ತಾಮ್ರದ ಒಂಟಿ ಹರಳಾದರೋ ಅದರ ಸಾವಿರದ ಒಂದು ಪಾಲಿಗೂ ಕಡಿಮೆ ಪೀಡನಕ್ಕೇ ಮಣಿಯುತ್ತದೆ. ಈ ಒಗಟನ್ನು 1934ರಲ್ಲಿ ಟೇಲರ್, ಒರೊವಾನ್ ಮತ್ತು ಪೊಲಾನ್ಯಿ ಬೇರೆಬೇರೆಯಾಗಿಯೇ ಬಿಡಿಸಿದರು. ಹಾಸಿದ ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯಲು ನಾಲ್ಕು ಜನ ಬೇಕು; ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಅದನ್ನು ಕಾಲಿನಿಂದ ಮುಂದೆ ಮುಂದೆ ತಳ್ಳುತ್ತಾ ಹೋದರೆ ಒಬ್ಬನೇ ಸಾಕು. ಲೋಹದಲ್ಲಿ ಆ ಸುಕ್ಕಿನ ಕೆಲಸವನ್ನು ಮಾಡುವುದು ಡಿಸ್‌ಲೊಕೇಶನ್, ಅಂದರೆ ಪರಮಾಣುಗಳ ಸಾಲು ತಪ್ಪಿದ ಗೆರೆ. 1956ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಅಲ್ಯೂಮಿನಿಯಂ ಹಾಳೆಯಲ್ಲಿ ಈ ಗೆರೆಗಳು ಚಲಿಸುವುದನ್ನು ಕಣ್ಣಾರೆ ಕಂಡರು.

ಚೆನ್ನಾಗಿ ಕಾಯಿಸಿ ಮೆತ್ತಗೆ ಮಾಡಿದ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿ ಈ ಗೆರೆಗಳ ಒಟ್ಟು ಉದ್ದ 1,000 ಕಿಲೋಮೀಟರ್ ಇರಬಹುದು. ಬಲವಾಗಿ ಬಡಿದ ಲೋಹದಲ್ಲಿ ಅದು 10 ಲಕ್ಷ ಕಿಲೋಮೀಟರನ್ನೂ ಮುಟ್ಟೀತು. ಚಂದ್ರನಿಗೆ ಹೋಗಿ ಬಂದರೂ ಇನ್ನಷ್ಟು ಮಿಗುವ ಉದ್ದ ಅದು. ಬಡಿದ ಬಿಂದಿಗೆ ಬಿರುಸಾಗುವುದು ಈ ಗೆರೆಗಳು ಒಂದಕ್ಕೊಂದು ಸಿಕ್ಕಿಬಿದ್ದು ದಾರಿಗಡ್ಡವಾಗುವುದರಿಂದ. ಇದೇ ಲೆಕ್ಕವನ್ನು ಕೆಳಗಿಳಿಸಿ ನೋಡಿ: ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು; ಅದೇ ಮೆತ್ತನೆಯ ಲೋಹದ ಒಂದು ಘನ ಮೈಕ್ರೊಮೀಟರಿನಲ್ಲಿ ಸಿಗುವ ಗೆರೆಯ ಉದ್ದ ಬರಿಯ ಒಂದು ಮೈಕ್ರೊಮೀಟರ್. ಅಲ್ಲಿ ಸರಾಸರಿ ಎಂಬ ಮಾತಿಗೆ ಅರ್ಥವಿಲ್ಲ. ಗೆರೆಗಳನ್ನು ಬೆರಳು ಮಡಿಚಿ ಎಣಿಸಬೇಕು.

ಎಂಜಿನಿಯರುಗಳು ವಾಡಿಕೆಯಲ್ಲಿ ಬಳಸುವ ಪ್ಲಾಸ್ಟಿಕ್ ವಿರೂಪದ ಸಮೀಕರಣಗಳಿಗೆ ಗಾತ್ರದ ಅರಿವೇ ಇಲ್ಲ. ಸೇತುವೆಯ ತೊಲೆಗೂ ಸೂಜಿಯ ಮೊನೆಗೂ ಅವು ಒಂದೇ ಉತ್ತರ ಹೇಳುತ್ತವೆ. 1994ರಲ್ಲಿ ಫ್ಲೆಕ್ ಮತ್ತು ಸಂಗಡಿಗರು 12ರಿಂದ 170 ಮೈಕ್ರೊಮೀಟರ್ ದಪ್ಪದ ತಾಮ್ರದ ತಂತಿಗಳನ್ನು ತಿರುಚಿ ನೋಡಿದಾಗ, ಗಾತ್ರದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಅತಿ ತೆಳುವಾದ ತಂತಿ ಸುಮಾರು ಮೂರು ಪಟ್ಟು ಬಲ ತೋರಿಸಿತು. ಅಂತಹವೇ ತಂತಿಗಳನ್ನು ನೇರವಾಗಿ ಎಳೆದಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ತಿರುಚುವಾಗ ವಿರೂಪವು ತಂತಿಯ ನಡುವಿನಲ್ಲಿ ಸೊನ್ನೆಯಾಗಿದ್ದು ಮೇಲ್ಮೈಯತ್ತ ಏರುತ್ತಾ ಹೋಗುತ್ತದೆ. ಆ ಏರಿಕೆಗೆ ಹೊಂದಿಕೊಳ್ಳಲು ಲೋಹವು ಹೆಚ್ಚುವರಿ ಡಿಸ್‌ಲೊಕೇಶನ್‌ಗಳನ್ನು ತನ್ನೊಳಗೆ ತುಂಬಿಕೊಳ್ಳಲೇಬೇಕಾಗುತ್ತದೆ. ಈ ಏರಿಕೆಯನ್ನೂ, ಗಾತ್ರದ ಪರಿಣಾಮ ಯಾವ ಅಳತೆಯಲ್ಲಿ ಕಾಣತೊಡಗುತ್ತದೆ ಎಂದು ಹೇಳುವ, ಲೋಹಕ್ಕೆ ಸಹಜವಾದ ಒಂದು ಉದ್ದವನ್ನೂ ಸಮೀಕರಣಕ್ಕೆ ಸೇರಿಸಿದ ಸಿದ್ಧಾಂತಗಳು ಆಗ ಬೆಳೆದವು. ಅವು ಉಪಯುಕ್ತವೇ. ಆದರೆ ಆ ಉದ್ದವನ್ನು ಹಲವು ಬಾರಿ ಪ್ರಯೋಗಕ್ಕೆ ಹೊಂದುವಂತೆ ಆರಿಸಿಕೊಳ್ಳಬೇಕಾಗುತ್ತದೆ ಎಂಬುದು ನನಗೆ ಅಷ್ಟು ಸಮಾಧಾನ ಕೊಡುವ ಸಂಗತಿಯಲ್ಲ.

ಹಾಗಾದರೆ ಪ್ರತಿ ಪರಮಾಣುವನ್ನೂ ಲೆಕ್ಕಕ್ಕೆ ತೆಗೆದುಕೊಂಡರಾಗದೇ ಎಂದು ನೀವು ಕೇಳಬಹುದು. ತೆಗೆದುಕೊಳ್ಳುತ್ತಾರೆ. ಆದರೆ ತಾಮ್ರದ ಒಂದು ಘನ ಮೈಕ್ರೊಮೀಟರಿನಲ್ಲೇ ಸುಮಾರು 8,500 ಕೋಟಿ ಪರಮಾಣುಗಳಿವೆ. ಅವುಗಳ ನಡುಕವನ್ನು ಹಿಡಿಯಬೇಕಾದರೆ ಗಣಕವು ಒಂದು ಫೆಮ್ಟೊಸೆಕೆಂಡಿನಷ್ಟು ಕಿರಿಯ ಹೆಜ್ಜೆ ಇಡಬೇಕು. ಪ್ರಯೋಗಾಲಯದ ಒಂದು ಸೆಕೆಂಡು ಮುಗಿಯಲು ಅಂತಹ 10 ಕೋಟಿ ಕೋಟಿ ಹೆಜ್ಜೆಗಳು ಬೇಕು. ಆದ್ದರಿಂದ ಪರಮಾಣು ಲೆಕ್ಕದಲ್ಲಿ ಲೋಹವನ್ನು ನಿಜದ ಪ್ರಯೋಗಕ್ಕಿಂತ ಕೋಟ್ಯಂತರ ಪಟ್ಟು ವೇಗದಲ್ಲಿ ಹಿಂಡಬೇಕಾಗುತ್ತದೆ. ಆ ವೇಗದಲ್ಲಿ ಸಿಕ್ಕ ಬಲದ ಅಂಕಿಯನ್ನು ಹಾಗೆಯೇ ನಂಬುವುದು ಜಾಣತನವಲ್ಲ.

ಈ ಎರಡರ ನಡುವಿನ ದಾರಿಯೆಂದರೆ ಪರಮಾಣುಗಳನ್ನು ಮರೆತು ಗೆರೆಗಳನ್ನಷ್ಟೇ ನೆನಪಿಟ್ಟುಕೊಳ್ಳುವುದು. ಪ್ರತಿ ಡಿಸ್‌ಲೊಕೇಶನ್ ಗೆರೆಯನ್ನು ಚಿಕ್ಕಚಿಕ್ಕ ತುಂಡುಗಳಾಗಿ ವಿಂಗಡಿಸಿ, ಹೊರಗಿನ ಹೇರಿಕೆಯಿಂದಲೂ ಉಳಿದೆಲ್ಲ ತುಂಡುಗಳಿಂದಲೂ ಅದರ ಮೇಲೆ ಬೀಳುವ ಬಲವನ್ನು ಕೂಡಿ, ಆ ಬಲಕ್ಕೆ ತಕ್ಕ ವೇಗದಲ್ಲಿ ತುಂಡನ್ನು ಸರಿಸಿ, ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಾರೆ. ಪ್ರತಿಯೊಂದೂ ಉಳಿದೆಲ್ಲವನ್ನೂ ತಳ್ಳುವುದರಿಂದ ತುಂಡುಗಳು ಎರಡು ಪಟ್ಟಾದರೆ ಲೆಕ್ಕದ ಹೊರೆ ನಾಲ್ಕು ಪಟ್ಟಾಗುತ್ತದೆ. ಅದನ್ನು ತಗ್ಗಿಸುವ ಉಪಾಯಗಳೂ ಇವೆ. ಮೇಲ್ಮೈಯ ಪ್ರಭಾವವನ್ನು ತರಲು ವಾನ್ ಡೆರ್ ಗೀಸೆನ್ ಮತ್ತು ನೀಡಲ್‌ಮನ್ 1995ರಲ್ಲಿ ಒಂದು ಸೊಗಸಾದ ದಾರಿ ತೋರಿದರು: ವಸ್ತುವಿಗೆ ಅಂಚೇ ಇಲ್ಲವೆಂದು ಭಾವಿಸಿ ಗೆರೆಗಳ ಪರಿಣಾಮವನ್ನು ಮೊದಲು ಲೆಕ್ಕ ಹಾಕಿ, ಅಂಚಿನಲ್ಲಿ ಬರುವ ತಪ್ಪನ್ನು ಫೈನೈಟ್ ಎಲಿಮೆಂಟ್ ವಿಧಾನದಿಂದ, ಅಂದರೆ ವಸ್ತುವನ್ನು ಚಿಕ್ಕಚಿಕ್ಕ ಭಾಗಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಬಗೆಯಿಂದ, ಬೇರೆಯಾಗಿ ತಿದ್ದುವುದು.

2004ರಲ್ಲಿ ಯೂಚಿಕ್ ಮತ್ತು ಸಂಗಡಿಗರು ಅಯಾನು ಕಿರಣದಿಂದ ನಿಕ್ಕಲ್ಲಿನ ಸಣ್ಣ ಕಂಬಗಳನ್ನು ಕೆತ್ತಿ ಹಿಂಡಿದಾಗ ಕಂಬ ಸಣ್ಣದಾದಷ್ಟೂ ಗಟ್ಟಿಯಾಗುವುದು ಕಂಡಿತು. ಇಲ್ಲಿ ತಿರುಚುವಿಕೆಯಿಲ್ಲ, ಆದ್ದರಿಂದ ತಂತಿಗೆ ಹೇಳಿದ ಕಾರಣ ಕಂಬಕ್ಕೆ ಸಲ್ಲದು. ಗೆರೆಗಳ ಲೆಕ್ಕ ಬೇರೊಂದು ಕಾರಣವನ್ನು ತೋರಿಸಿತು. ಹೊಸ ಡಿಸ್‌ಲೊಕೇಶನ್‌ಗಳು ಹುಟ್ಟುವುದು ಎರಡು ತುದಿ ಕಟ್ಟಿಹಾಕಿದ ಗೆರೆಯೊಂದು ಬಿಲ್ಲಿನಂತೆ ಬಾಗಿ ಹೊರಚಾಚಿದಾಗ. ಗೆರೆ ಗಿಡ್ಡವಾದಷ್ಟೂ ಅದನ್ನು ಬಾಗಿಸಲು ಹೆಚ್ಚು ಪೀಡನ ಬೇಕು. ಸಣ್ಣ ಕಂಬದಲ್ಲಿ ಇಂತಹ ಗೆರೆಗಳನ್ನು ಮೇಲ್ಮೈಯೇ ಕತ್ತರಿಸಿ ಗಿಡ್ಡಗೊಳಿಸಿರುತ್ತದೆ. ಮೇಲಾಗಿ ಕಂಬ ಒಂದೇ ಸಮನೆ ಮಣಿಯದೆ, ಒಂದು ಗೆರೆ ಬಿಡಿಸಿಕೊಂಡಾಗಲೆಲ್ಲ ತಟ್ಟನೆ ಕುಸಿದು ಮತ್ತೆ ನಿಲ್ಲುತ್ತದೆ.

ಲೆಕ್ಕ ಶುರು ಮಾಡುವಾಗ ಗೆರೆಗಳು ಎಲ್ಲೆಲ್ಲಿದ್ದವು ಎಂಬುದನ್ನು ಮಾತ್ರ ಮನುಷ್ಯನೇ ಹೇಳಿಕೊಡಬೇಕು. ಗೆರೆಗಳು ಬೆರಳೆಣಿಕೆಯಷ್ಟೇ ಇರುವಾಗ ಆ ಜೋಡಣೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಹೀಗಾಗಿ ಒಂದೇ ಅಳತೆಯ ಕಂಬಕ್ಕೆ ಹತ್ತಾರು ಜೋಡಣೆಗಳನ್ನು ಕೊಟ್ಟು, ಹತ್ತಾರು ಬಾರಿ ಗಣಕ ಓಡಿಸಿ, ಬಲದ ಒಂದೇ ಅಂಕಿಗೆ ಬದಲು ಅದು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಬರೆದಿಡಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಕೆತ್ತಿದ ಕಂಬಗಳ ಅಳತೆಗಳೂ ಹಾಗೆಯೇ ಹರಡಿಕೊಂಡಿರುತ್ತವೆ.