ಸಿಟ್ಟಿನ ದೇವಿಗೆ ಮೊಸರನ್ನ

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಜಿಟಿಜಿಟಿ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ನಾನು ಗದಗ ಕಡೆಯ ಹಳ್ಳಿಯವನು. ನಮ್ಮೂರ ದ್ಯಾಮವ್ವನದು ಕಟ್ಟಿಗೆಯ ಮೂರ್ತಿ. ಜಾತ್ರೆಗೆ ಮುಂಚೆ ಅವಳಿಗೆ ಹೊಸ ಬಣ್ಣ ಹಚ್ಚುತ್ತಿದ್ದರು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಆ ಅಗಲ ಕಣ್ಣಿಗೆ ಹೆದರಿ ನಾನು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಜ್ಜಿ ಮಾತ್ರ ಉಡಿ ತುಂಬಿ, ಮನೆ ಮಗಳಿಗೆ ಹೇಳುವ ಹಾಗೆ "ತಣ್ಣಗಿರವ್ವಾ" ಅನ್ನುತ್ತಿದ್ದಳು.

ಈ 'ತಣ್ಣಗಿರು' ಅನ್ನುವ ಮಾತು ಈಜಿಪ್ಟಿನ ಕಥೆಯಲ್ಲೂ ಸಿಕ್ಕಿತು. ಅಲ್ಲಿ ಸೆಖ್ಮೆತ್ ಎಂಬ ದೇವಿ. ಹೆಣ್ಣಿನ ಮೈ, ಸಿಂಹಿಣಿಯ ಮುಖ. ಮನುಷ್ಯರು ತನ್ನ ಮೇಲೆ ಸಂಚು ಹೂಡಿದ್ದಾರೆಂದು ಸೂರ್ಯದೇವ ರಾ ತನ್ನ ಕಣ್ಣನ್ನೇ ದೇವಿಯಾಗಿಸಿ ಕಳಿಸಿದ. ಅವಳು ಕೊಲ್ಲತೊಡಗಿದಳು. ಆ ರುಚಿ ಹತ್ತಿದ ಮೇಲೆ ನಿಲ್ಲಲೊಲ್ಲಳು! ಕಳಿಸಿದವನಿಗೇ ಗಾಬರಿ. ರಾತ್ರೋರಾತ್ರಿ 7000 ಗಡಿಗೆ ಬಿಯರ್ ಮಾಡಿಸಿ, ಕೆಂಪು ಮಣ್ಣು ಕಲಸಿ, ಹೊಲಗಳ ತುಂಬಾ ಸುರಿಸಿದ. ಬೆಳಿಗ್ಗೆ ರಕ್ತವೆಂದುಕೊಂಡು ಕುಡಿದ ದೇವಿಗೆ ಅಮಲೇರಿ, ಮನುಷ್ಯರ ಗುರುತೇ ಸಿಗಲಿಲ್ಲ. ನಾವು ಉಳಿದದ್ದು ಹಾಗೆ.

ಬಿಯರ್ ಬದಲು ಮೊಸರನ್ನ ಇಟ್ಟರೆ ಇದು ನಮ್ಮದೇ ಕಥೆ, ಅಲ್ವಾ? ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ ಬಂದಾಳ' ಅನ್ನುತ್ತಿದ್ದರು. ಬೇವಿನ ಸೊಪ್ಪು, ಮೊಸರನ್ನ, ಮನೆಯಲ್ಲಿ ಒಗ್ಗರಣೆ ಬಂದ್. ಜಡ್ಡು ತರುವವಳೂ ಅವಳೇ, ಕಳೆಯುವವಳೂ ಅವಳೇ. ಸೆಖ್ಮೆತ್‌ಳ ಪೂಜಾರಿಗಳು ವೈದ್ಯವನ್ನೂ ಮಾಡುತ್ತಿದ್ದರು. ಮೂರನೆಯ ಅಮೆನ್‌ಹೋಟೆಪ್ ಎಂಬ ದೊರೆ ಅವಳ ನೂರಾರು ಕಲ್ಲಿನ ಮೂರ್ತಿಗಳನ್ನು ಕಡೆಸಿದ. ಒಂದು ಸಾಲದೆಂದರೆ ಎಷ್ಟು ಹೆದರಿದ್ದನೋ!

ಬಾಬಿಲೋನಿನವರಿಗೆ ಈ ತಾಳ್ಮೆ ಇರಲಿಲ್ಲ. ದೇವರುಗಳ ಮೂಲತಾಯಿ ತಿಯಾಮತ್ ಸಿಟ್ಟಿಗೆದ್ದಾಗ ಮಾರ್ದುಕ್ ಎಂಬ ದೇವರು ಅವಳನ್ನು ಕೊಂದು, ಒಣಮೀನಿನಂತೆ ಎರಡು ಸೀಳಿದ. ಒಂದು ಹೋಳು ಆಕಾಶವಾಯಿತು. ಅವಳ ಕಣ್ಣುಗಳಿಂದ ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಹರಿದವು. ಅಂದರೆ ಕೊಂದ ಮೇಲೂ ಅವಳ ನೀರು ಬೇಕು. ನನಗಂತೂ ಈ ಕಥೆ ಸೇರುವುದಿಲ್ಲ. ತಲೆತುಂಬ ಹಾವುಗಳೇ ಕೂದಲಾಗಿದ್ದ ಗ್ರೀಕರ ಮೆಡೂಸಾ ಪಾಡೂ ಅಷ್ಟೇ. ತಲೆ ಕಡಿದರು, ಆಮೇಲೆ ಅದೇ ಮುಖವನ್ನು ಗುಡಿಗಳ ಮೇಲೆ ಕೆತ್ತಿ ಕಾವಲಿಗಿಟ್ಟರು. ಹೊಸ ಮನೆಗೆ ನಾವು ತೂಗುಹಾಕುವ ದೃಷ್ಟಿಗೊಂಬೆಯ ಹಾಗೆ.

ಇನ್ನು ನಮ್ಮ ಚಾಮುಂಡಿ. ರಕ್ತಬೀಜನೆಂಬ ರಕ್ಕಸನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ. ಆ ರಕ್ತ ಕೆಳಗೆ ಬೀಳದಂತೆ ಕುಡಿದವಳು ಇವಳು. ಶಿಲ್ಪಗಳಲ್ಲಿ ಎಲುಬಿನ ಹಂದರ, ಬೆನ್ನಿಗಂಟಿದ ಹೊಟ್ಟೆ, ರುಂಡಮಾಲೆ. ಸಪ್ತಮಾತೃಕೆಯರಲ್ಲಿ ಇವಳೂ ಒಬ್ಬಳು. ಬಾದಾಮಿಯ ಚಾಲುಕ್ಯರು ಶಾಸನಗಳಲ್ಲಿ ತಮ್ಮನ್ನು ಏನೆಂದು ಕರೆದುಕೊಂಡರು ಗೊತ್ತಾ? ಸಪ್ತಮಾತೃಕೆಯರು ಸಾಕಿ ಬೆಳೆಸಿದವರು ಎಂದು. ಬೇರೆಯವರು ಕಂಡರೆ ಓಡಿಹೋಗುವ ಮಡಿಲಲ್ಲಿ ಬೆಳೆದೆವು ಅನ್ನುವುದು ಅವರಿಗೆ ಹೆಮ್ಮೆ.

ಒಮ್ಮೆ ಧೈರ್ಯ ಮಾಡಿ ಅಜ್ಜಿಯನ್ನು ಕೇಳಿದ್ದೆ, ದ್ಯಾಮವ್ವನ ಕಣ್ಣು ಯಾಕೆ ಅಷ್ಟು ದೊಡ್ಡವು ಎಂದು. ಉಡಿ ಅಕ್ಕಿಯಲ್ಲಿನ ಹರಳು ಆರಿಸುತ್ತಾ, ತಲೆ ಎತ್ತದೆ ಹೇಳಿದಳು: "ರಾತ್ರಿ ಅಗಸಿ ಬಾಗಲಾಗ ಯಾರ ಬಂದ್ರು ಅಂತ ನೋಡಬೇಕಲ್ಲಪಾ ಆಕಿ."