ಸಮಾಜಶಾಸ್ತ್ರದ ಉತ್ತರಪತ್ರಿಕೆ ಮತ್ತು ಯಂತ್ರದ ಮೌಲ್ಯಮಾಪನ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ವಿದ್ಯಾರ್ಥಿಗಳ ದೀರ್ಘ ಉತ್ತರಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಪ್ಪಿಸಿ, ಅಂಕವನ್ನೂ ಸಲಹೆಯನ್ನೂ ಪಡೆಯುವ ರೂಢಿ ಮುಂಬಯಿಯ ಜೂನಿಯರ್ ಕಾಲೇಜುಗಳ ಬಾಗಿಲಿಗೂ ಬಂದಿದೆ. ಹನ್ನೆರಡನೆಯ ತರಗತಿಯ ಪ್ರಿಲಿಮ್ಸ್ ಮುಗಿದಾಗ ಮೇಜಿನ ಮೇಲೆ ಏರುವ ಪೇಪರುಗಳ ರಾಶಿಯನ್ನು ಬಲ್ಲ ಸಮಾಜಶಾಸ್ತ್ರದ ಅಧ್ಯಾಪಕಿಯಾಗಿ, ಈ ಆಕರ್ಷಣೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಯಂತ್ರವು ಪ್ರಬಂಧ ತಿದ್ದಬಲ್ಲದೆಂಬ ವಿಚಾರ ಹೊಸದೇನಲ್ಲ. ಅಮೆರಿಕದ ಎಲಿಸ್ ಪೇಜ್ ಅದನ್ನು 1966ರಲ್ಲೇ ಪ್ರತಿಪಾದಿಸಿದ್ದರು. 1999ರಿಂದ ಎಂ.ಬಿ.ಎ. ಪ್ರವೇಶಕ್ಕಾಗಿ ನಡೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಇ-ರೇಟರ್ ಎಂಬ ತಂತ್ರಾಂಶ ಒಬ್ಬ ಪರೀಕ್ಷಕರ ಜೊತೆಗೂಡಿ ಅಂಕ ನೀಡತೊಡಗಿತು. ಅಂಥ ತಂತ್ರಾಂಶಗಳು ಹೆಚ್ಚಾಗಿ ಪದಗಳ ಸಂಖ್ಯೆ, ವಾಕ್ಯದ ಉದ್ದದಂಥ ಬರಹದ ಹೊರಲಕ್ಷಣಗಳನ್ನು ಎಣಿಸುತ್ತಿದ್ದುದರಿಂದ, ಎಂ.ಐ.ಟಿ.ಯ ಲೆಸ್ ಪೆರೆಲ್‌ಮನ್ ಮತ್ತು ವಿದ್ಯಾರ್ಥಿಗಳು ಕಂಪ್ಯೂಟರಿನಿಂದಲೇ ಹೆಣೆಸಿದ ಅರ್ಥಹೀನ ಪ್ರಬಂಧಗಳಿಗೂ ಉತ್ತಮ ಅಂಕ ದೊರೆತಿತ್ತು. ಚಾಟ್‌ಜಿಪಿಟಿಯಂಥ ತಂತ್ರಾಂಶಗಳ ಹಿಂದಿರುವ ಇಂದಿನ ಭಾಷಾ ಮಾದರಿಗಳು ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಆದರೂ ಒಂದೇ ಉತ್ತರವನ್ನು ಮತ್ತೊಮ್ಮೆ ಕೊಟ್ಟರೆ ಅಂಕ ಬದಲಾಗುವುದುಂಟು.

ಇಂಗ್ಲೆಂಡಿನ ಎಕ್ಯೂಎ ಪರೀಕ್ಷಾ ಮಂಡಳಿಯ ಎ-ಲೆವೆಲ್ (ನಮ್ಮ ಹನ್ನೆರಡನೆಯ ತರಗತಿಯ ಮಟ್ಟದ) ಸಮಾಜಶಾಸ್ತ್ರದಲ್ಲಿ 30 ಅಂಕಗಳ ಪ್ರಬಂಧಕ್ಕೆ ಜ್ಞಾನ ಮತ್ತು ಗ್ರಹಿಕೆಗೆ 12, ಅನ್ವಯಕ್ಕೆ 9, ವಿಶ್ಲೇಷಣೆ ಮತ್ತು ವಿಮರ್ಶೆಗೆ 9 ಎಂಬ ಹಂಚಿಕೆಯಿದೆ. ನಮ್ಮ ಪರೀಕ್ಷೆಯ ಕ್ರಮ ಬೇರೆಯಾದರೂ, ಯಂತ್ರದ ಬಲಾಬಲವನ್ನು ಅಳೆಯಲು ಈ ವಿಂಗಡಣೆ ನನಗೆ ಉಪಯುಕ್ತವೆನಿಸಿದೆ.

ಒಂದು ಉತ್ತರವನ್ನೇ ನೋಡೋಣ. ಪ್ರಶ್ನೆ ಸಂಸ್ಕೃತೀಕರಣದ್ದು, ಅಂದರೆ ಕೆಳಸ್ತರದ ಜಾತಿಯೊಂದು ಮೇಲ್ಜಾತಿಯ ಆಚಾರಗಳನ್ನು ಅನುಸರಿಸಿ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವುದು. ಅದು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆ ಅವರ ಬಳಿ ಓದಿದ ಮೈಸೂರಿನ ಎಂ. ಎನ್. ಶ್ರೀನಿವಾಸರ ಪರಿಕಲ್ಪನೆ. ಕರಾವಳಿಯಿಂದ ಬಂದು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿದ ಮನೆತನದ ಹುಡುಗಿಯೊಬ್ಬಳು, ಊರಿನಲ್ಲಿ ಅಜ್ಜ ದೈವಕ್ಕೆ ಕೋಳಿ ಬಲಿ ಕೊಡುತ್ತಿದ್ದುದನ್ನೂ, ಇಲ್ಲಿ ತಂದೆ ಅದನ್ನು ಬಿಟ್ಟು ಸತ್ಯನಾರಾಯಣ ಪೂಜೆ ಮಾಡಿಸುತ್ತಿರುವುದನ್ನೂ ನಾಲ್ಕೇ ಸಾಲುಗಳಲ್ಲಿ ಬರೆದಿದ್ದಳು. ವೈಯಕ್ತಿಕ ಅನುಭವಕ್ಕಿಂತ ವಿದ್ವಾಂಸರ ಉಲ್ಲೇಖ ಉತ್ತಮವೆಂದು ಯಂತ್ರ ಸಲಹೆ ನೀಡಿ, ಅನ್ವಯದ ಅಂಕವನ್ನು ಕಡಿಮೆ ಮಾಡಿತು. ನನ್ನ ದೃಷ್ಟಿಯಲ್ಲಿ ಇಡೀ ಉತ್ತರದಲ್ಲಿ ಸಮಾಜಶಾಸ್ತ್ರ ಜೀವಂತವಾಗಿದ್ದುದು ಆ ನಾಲ್ಕು ಸಾಲುಗಳಲ್ಲಿಯೇ. ಪಠ್ಯದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಯಾರಿಗೂ ಸಾಧ್ಯ. ತನ್ನ ಮನೆಯ ಜಗುಲಿಯಲ್ಲಿ ನಡೆದ ಬದಲಾವಣೆಯನ್ನು ಪರಿಕಲ್ಪನೆಯ ಮೂಲಕ ಗುರುತಿಸುವುದಕ್ಕೆ ಕಣ್ಣು ಬೇಕು. ಆದರೆ ಅದೇ ಯಂತ್ರ ಮತ್ತೊಂದು ಕೊರತೆಯನ್ನು ಸರಿಯಾಗಿಯೇ ಹಿಡಿದಿತ್ತು: ಸಂಸ್ಕೃತೀಕರಣದಿಂದ ಒಂದು ಜಾತಿಯ ಸ್ಥಾನ ಬದಲಾಗಬಹುದೇ ಹೊರತು ಜಾತಿವ್ಯವಸ್ಥೆಯ ರಚನೆ ಬದಲಾಗುವುದಿಲ್ಲ ಎಂಬ ಮಾತನ್ನು ಅವಳು ಬರೆದಿರಲಿಲ್ಲ. ಆ ಸೂಚನೆ ಅವಳಿಗೆ ಅದೇ ಸಂಜೆ ದೊರೆಯಿತು. ನನ್ನಿಂದಾಗಿದ್ದರೆ ವಾರಗಳು ಹಿಡಿಯುತ್ತಿದ್ದವು.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಗಣಿತದ ಉತ್ತರದಲ್ಲಿ ಮಗುವಿನ ಮನೆ ಇರುವುದಿಲ್ಲ. ಸಮಾಜಶಾಸ್ತ್ರದ ಉತ್ತರದಲ್ಲಿ ಜಾತಿ, ಧರ್ಮ, ತಂದೆತಾಯಿಯ ಜಗಳ, ಅಕ್ಕನ ಮದುವೆ ಎಲ್ಲವೂ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಹೆಸರು, ರೋಲ್ ನಂಬರ್ ಅಳಿಸಿದರಷ್ಟೇ ಸಾಲದು. ಊರು ಮತ್ತು ಮನೆತನದ ವಿವರಗಳಿಂದಲೂ ವಿದ್ಯಾರ್ಥಿಯನ್ನು ಗುರುತಿಸಬಹುದು.

ಆದ್ದರಿಂದ ಯಂತ್ರವನ್ನು ಅಭ್ಯಾಸದ ಉತ್ತರಗಳಿಗೆ ಮಾತ್ರ, ಪಾಲಕರ ಒಪ್ಪಿಗೆ ಪಡೆದು, ಅಂಕ ಕೇಳದೆ ಬಳಸಬೇಕೆಂಬುದು ನನ್ನ ಅಭಿಪ್ರಾಯ. ಯಾವ ವಾದ ಬಿಟ್ಟುಹೋಗಿದೆ, ಯಾವ ಹೇಳಿಕೆಗೆ ಆಧಾರವಿಲ್ಲ ಎಂದಷ್ಟೇ ಅದನ್ನು ಕೇಳೋಣ. ವಿದ್ಯಾರ್ಥಿ ತನ್ನ ಓಣಿಯಿಂದ, ತನ್ನ ಮನೆಯಿಂದ ಉದಾಹರಣೆ ತಂದಿರುವ ಭಾಗವನ್ನು ಅಧ್ಯಾಪಕರೇ ಓದಿ, ಅದರ ಪಕ್ಕದಲ್ಲಿ ತಮ್ಮ ಕೈಯಿಂದಲೇ ಒಂದು ಸಾಲು ಬರೆಯಲಿ.

ನಮಸ್ಕಾರ.