ಮಗುವಿನ ಗಂಟು ಲಾರಿಗೆ ಬೇಡ

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳು ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ಕೆಲಸ ಒಟ್ಟಿಗೇ ನಡೀತವೆ. ಒಂದು ಕಡೆ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಕಟ್ಟಿಗೆ ಒಳಗೆ ಹಾಕೋದು. ಇನ್ನೊಂದು ಕಡೆ ವರ್ಗಾವಣೆ ಆದವರು ಸಾಮಾನು ಕಟ್ಟೋದು. ಕೈಗಾದ ಅಣುಸ್ಥಾವರದಿಂದ ರಾಜಸ್ಥಾನದ ರಾವತ್‌ಭಾಟಾಕ್ಕೋ ತಮಿಳುನಾಡಿನ ಕೂಡಂಕುಳಂಗೋ ಹೋಗುವವರಿದ್ದಾರೆ. ನೌಕಾನೆಲೆಯಿಂದ ವಿಶಾಖಪಟ್ಟಣಕ್ಕೆ ಹೊರಟವರಿದ್ದಾರೆ. ಶಿರಸಿ, ಕುಮಟಾದ ಬ್ಯಾಂಕುಗಳಿಂದ ಬೀದರ್, ಕಲಬುರಗಿಗೆ ಆದೇಶ ಬಂದವರಿದ್ದಾರೆ. ಇವರಲ್ಲಿ ಯಾರ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದಾರೋ ಅವರಿಗೆ ನನ್ನ ಇವತ್ತಿನ ಮಾತು. ಕಪಾಟು ಹೇಗೆ ಬಿಚ್ಚಬೇಕು, ಫ್ರಿಜ್ ಹೇಗೆ ಸಾಗಿಸಬೇಕು ಅನ್ನೋದನ್ನ ನಿಮಗೆ ಹತ್ತು ಜನ ಹೇಳ್ತಾರೆ. ಮಗುವನ್ನು ಹೇಗೆ ಸಾಗಿಸಬೇಕು ಅಂತ ಯಾರೂ ಹೇಳೋದಿಲ್ಲ.

ನಾನು ಹೇಳೋದು ಒಂದೇ ಮಾತು. ಮಗುವಿನ ಗಂಟನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟಿ, ಎಲ್ಲಕ್ಕಿಂತ ಮೊದಲು ಬಿಚ್ಚಿ, ನಡುವೆ ಅದು ನಿಮ್ಮ ಕೈಯಲ್ಲೇ ಇರಲಿ. ಲಾರಿಗೆ ಹಾಕಬೇಡಿ.

ಎಲ್ಲರೂ ಮಾಡೋದು ಇದಕ್ಕೆ ಸರಿಯಾಗಿ ಉಲ್ಟಾ. ಮಗುವಿನದು ಮುಖ್ಯ ಅಂತ ಅದನ್ನೇ ಮೊದಲು ಕಟ್ಟಿಡ್ತಾರೆ. ಮೊದಲು ಕಟ್ಟಿದ್ದು ಮೊದಲು ಲಾರಿ ಏರ್ತದೆ. ಮೊದಲು ಏರಿದ್ದು ಚಾಲಕನ ಬೆನ್ನಿನ ಹಿಂದೆ, ತೀರಾ ಒಳಗೆ ಹೋಗಿ ಕೂರ್ತದೆ. ಹೊರಗೆ ಬರಬೇಕಾದರೆ ಮಂಚ, ಕಪಾಟು, ವಾಷಿಂಗ್ ಮಷಿನ್ ಎಲ್ಲ ಇಳೀಬೇಕು. ಅದರ ಮೇಲೆ ಇನ್ನೊಂದು. ಎರಡು ಕೋಣೆಯ ಮನೆಯ ಸಾಮಾನಿಗೆ ಪೂರ್ತಿ ಲಾರಿ ಯಾರೂ ಮಾಡೋದಿಲ್ಲ, ಅರ್ಧ ಲೋಡಿನಲ್ಲಿ ಕಳಿಸ್ತಾರೆ. ಉಳಿದ ಅರ್ಧ ಹುಬ್ಬಳ್ಳಿಯಲ್ಲಿ ಸಿಗುವ ತನಕ ಲಾರಿ ಅಲ್ಲೇ ನಿಂತಿರ್ತದೆ. ಎರಡು ದಿನ ಅಂದದ್ದು ನಾಲ್ಕಾಗ್ತದೆ, ಐದಾಗ್ತದೆ. ದೊಡ್ಡವರು ಚಾಪೆ ಹಾಸಿಕೊಂಡು ಹೋಟೆಲ್ ಊಟದಲ್ಲಿ ದಿನ ದೂಡ್ತಾರೆ. ಒಂದೂವರೆ ವರ್ಷದ ಮಗು ದೂಡೋದಿಲ್ಲ.

ಕುಮಟಾ ಹತ್ತಿರದ ಒಂದು ಮನೆಯ ಸಂಗತಿ ಹೇಳ್ತೇನೆ. ತಂದೆಗೆ ಕಲಬುರಗಿಗೆ ವರ್ಗ ಆಯ್ತು. ಮನುಷ್ಯ ಬಲು ಅಚ್ಚುಕಟ್ಟು. ಪೆಟ್ಟಿಗೆಗೆಲ್ಲ ನಂಬರು, ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಟ್‌ಬುಕ್ಕಿನಲ್ಲಿ ಪಟ್ಟಿ. ಒಂದನೇ ನಂಬರಿನ ಪೆಟ್ಟಿಗೆ ಯಾವುದು? ಹದಿನಾಲ್ಕು ತಿಂಗಳ ಮಗಳದ್ದು. ಬಟ್ಟೆ, ಗೋದಡಿ, ಆಟದ ಸಾಮಾನು, ಜೊತೆಗೆ ಅವಳು ಮಲಗುವ ಜೋಲಿಯ ಸೀರೆ. ತಾಯಿಯ ಹಳೇ ಹತ್ತಿ ಸೀರೆ ಅದು. ಹಂಚಿನ ಮನೆಯ ಜಂತಿಗೆ ಕೊಕ್ಕೆ ಹಾಕಿ, ಆ ಸೀರೆ ಕಟ್ಟಿ ತೂಗಿದರೆ ಮಗು ಮಲಗೋದು. ಅದನ್ನೂ ಒಗೆದು, ಇಸ್ತ್ರಿ ಮಾಡಿ ಪೆಟ್ಟಿಗೆಯ ತಳಕ್ಕೆ ಹಾಕಿದ್ರು. ಹಮಾಲರೂ ಅಷ್ಟೇ ಅಚ್ಚುಕಟ್ಟು, ನಂಬರಿನ ಪ್ರಕಾರವೇ ಲಾರಿಗೆ ಏರಿಸಿದ್ರು.

ಇವರು ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಕಲಬುರಗಿ ಮುಟ್ಟಿದ್ರು. ಮೇ ತಿಂಗಳು, ನಲವತ್ತು ಡಿಗ್ರಿ ದಾಟಿದ ಬಿಸಿಲು. ಎರಡನೇ ಮಹಡಿಯಲ್ಲಿ ಖಾಲಿ ಮನೆ. ಜಂತಿ ಎಲ್ಲಿಂದ ಬರಬೇಕು, ಮೇಲೆ ನೋಡಿದರೆ ಸಿಮೆಂಟು, ನಡುವೆ ಒಂದು ಫ್ಯಾನು. ಲಾರಿ ಹುಬ್ಬಳ್ಳಿಯಲ್ಲಿ. ಮಧ್ಯಾಹ್ನ ಹೇಗೋ ಕಳೀತು. ರಾತ್ರಿ ಒಂಬತ್ತಕ್ಕೆ ಶುರುವಾಯ್ತು ಅಳು. ಹೊಟ್ಟೆನೋವು ಅಂದುಕೊಂಡು ಓಮದ ನೀರು ಕೊಟ್ರು. ದೃಷ್ಟಿ ತಾಗಿರಬೇಕು ಅಂತ ಅಜ್ಜಿ ಫೋನಿನಲ್ಲೇ ಉಪಾಯ ಹೇಳಿದ್ರು. ನಡುರಾತ್ರಿ ಆಟೋ ಹಿಡಿದು ಆಸ್ಪತ್ರೆಗೂ ಓಡಿದ್ರು. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕಿವಿ ನೋಡಿ, ಕೇಳಿದ್ದು ಒಂದೇ ಪ್ರಶ್ನೆ: ‘ಮಗು ಊರಲ್ಲಿ ಎಲ್ಲಿ ಮಲಗ್ತಿತ್ತು?’

ಮರುದಿನ ತಂದೆ ಅಂಗಡಿಯಿಂದ ಹೊಸ ಸೀರೆ ತಂದು ಫ್ಯಾನಿನ ಕೊಕ್ಕೆಗೇ ಜೋಲಿ ಕಟ್ಟಲಿಕ್ಕೆ ಹೊರಟ್ರು. ಪುಣ್ಯಕ್ಕೆ ಪಕ್ಕದ ಮನೆಯ ಅಜ್ಜಿ ಬಂದವರು ನೋಡಿ ಬೈದ್ರು. ಬೈದದ್ದು ಸರಿಯೇ. ಫ್ಯಾನಿನ ಕೊಕ್ಕೆ ಅಲುಗಾಡದೆ ತೂಗುವ ಭಾರಕ್ಕೆ ಇರೋದು. ಜೋಲಿ ಜೀಕಿದರೆ ಪ್ರತಿ ಸಲವೂ ಜಗ್ಗಿದ ಹಾಗೆ, ಮಗುವಿನ ತೂಕಕ್ಕಿಂತ ಹೆಚ್ಚಿನ ಎಳೆತ ಅಲ್ಲಿ ಬೀಳ್ತದೆ. ಆ ಅಜ್ಜಿಯೇ ತಮ್ಮ ಮೊಮ್ಮಗನ ಕಬ್ಬಿಣದ ಸ್ಟ್ಯಾಂಡ್ ತೊಟ್ಟಿಲು ಕೊಟ್ರು. ಅದಕ್ಕೆ ಹೊಸ ಸೀರೆ ಕಟ್ಟಿದ್ರು. ಗಂಜಿ ಹಾಕಿದ, ಅಂಗಡಿ ವಾಸನೆಯ ಸೀರೆ. ಮಗು ಒಳಗೆ ಹಾಕಿದ ಕೂಡಲೇ ಎದ್ದು ಕೂತಿತು. ಕಡೆಗೆ ತಾಯಿ ಬಸ್ಸಿನಲ್ಲಿ ಉಟ್ಟು ಬಂದ ಸೀರೆ, ಬೆವರಿನದ್ದು, ಇನ್ನೂ ಒಗೆಯದೆ ಬಚ್ಚಲಲ್ಲಿ ಬಿದ್ದಿತ್ತಲ್ಲ, ಅದನ್ನು ಕಟ್ಟಿದ್ರು. ಮಗು ಸೆರಗು ಹಿಡಿದು ಮುಖಕ್ಕೆ ಒತ್ತಿಕೊಂಡು ಮಲಗಿತು. ನಾಲ್ಕನೇ ದಿನ ಲಾರಿ ಬಂತು. ಒಂದನೇ ನಂಬರಿನ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ ಇಳೀತು!

ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸು ತಾಯಿಯ ವಾಸನೆ ಗುರುತಿಸ್ತದೆ. ಹೊಸ ಊರಲ್ಲಿ ಗೋಡೆ ಬೇರೆ, ಬೆಳಕು ಬೇರೆ, ಹೊರಗಿನ ಸದ್ದು ಬೇರೆ. ವಾಸನೆಯೊಂದನ್ನು ಮಾತ್ರ ನೀವು ಚೀಲದಲ್ಲಿ ತುಂಬಿ ಒಯ್ಯಬಹುದು. ಆದ್ದರಿಂದ ಹೊರಡುವ ಮೊದಲು ಮಗುವಿನ ಗೋದಡಿ ಒಗೆಯಬೇಡಿ. ಕೊಳಕು ಅಂತ ಅತ್ತೆಯವರು ಹೇಳಿದರೂ ಒಂದು ವಾರ ತಡೀರಿ.

ಈಗ ಗಂಟಿಗೆ ಏನೇನು ಬೇಕು, ಕೇಳಿ. ಹೊರಡುವ ವಾರ ಮೊದಲೇ ಒಂದು ಖಾಲಿ ಚೀಲ ನಡುಮನೆಯಲ್ಲಿ ತೂಗುಹಾಕಿ, ಮೇಲೆ ಪಟ್ಟಿ ಅಂಟಿಸಿ. ಸಾಮಾನು ಒಳಗೆ ಹೋಗೋದು ಹೊರಡುವ ಬೆಳಿಗ್ಗೆ, ಮಗು ಎದ್ದ ಮೇಲೆ. ಒಂದು ಕೈಯಲ್ಲಿ ಎತ್ತುವಷ್ಟೇ ಭಾರ ಇರಲಿ. ಮೂರು ದಿನದ ಲೆಕ್ಕಕ್ಕೆ ಆರು ಜೊತೆ ಬಟ್ಟೆ. ಒಂದೊಂದು ಜೊತೆಯನ್ನೂ ಚಡ್ಡಿ ಸಮೇತ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ವಾಂತಿ ಆದಾಗ ಒಂದು ಚೀಲ ತೆಗೆದರೆ ಮುಗೀತು, ಒದ್ದೆ ಬಟ್ಟೆ ಅದೇ ಚೀಲಕ್ಕೆ ಹೋಗ್ತದೆ. ಗೋದಡಿ, ಜೋಲಿಯ ಸೀರೆ, ಸೊಳ್ಳೆ ಪರದೆ, ಮಗು ಉಣ್ಣುವ ತಟ್ಟೆ ಲೋಟ, ಪ್ಲಗ್ಗಿಗೆ ಹಾಕುವ ಸಣ್ಣ ರಾತ್ರಿ ದೀಪ, ಒಂದು ವಿದ್ಯುತ್ ಕೆಟಲು. ಗ್ಯಾಸ್ ಸಂಪರ್ಕ ಮೊದಲ ದಿನವೇ ಸಿಗ್ತದೆ ಅಂತ ನಂಬಿ ಕೂರಬೇಡಿ.

ಆಹಾರಕ್ಕೆ ತೆಳು ಅವಲಕ್ಕಿ ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಬಿಸಿ ನೀರು ಹಾಕಿ, ಐದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗ್ತದೆ. ಒಂದು ಬಾಳೆಹಣ್ಣು ಕಿವುಚಿದರೆ ಊಟ ತಯಾರು. ಹಾಲನ್ನು ಬಿಸಿ ಮಾಡಿ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗಬೇಡಿ. ಉಗುರುಬೆಚ್ಚಗಿನ ಹಾಲಿನಲ್ಲಿ ಕ್ರಿಮಿ ಬಹಳ ಬೇಗ ಬೆಳೀತದೆ. ಫ್ಲಾಸ್ಕಿನಲ್ಲಿ ಕುದಿಸಿದ ನೀರು ಇರಲಿ, ಹಾಲಿನ ಪುಡಿ ಕೊಡುವವರಾದರೆ ಬೇಕಾದಾಗ ಅಳತೆಯಷ್ಟೇ ಕಲಸಿ. ಎದೆಹಾಲು ಕುಡಿಯುವ ಮಗುವಿಗೆ ಈ ತಿಂಗಳಲ್ಲಿ ಹಾಲು ಬಿಡಿಸಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ, ಅದು ಶಿರಸಿಯ ಅಪ್ಪಟ ಜೇನೇ ಆದರೂ. ಐದು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ ಬೇಡ. ಬಸ್ಸು ಕುಲುಕಿದರೆ ಅದು ಉಸಿರಿನ ದಾರಿಗೆ ಇಳೀತದೆ.

ಔಷಧದಲ್ಲಿ ಎಲ್ಲರೂ ಎಡವೋದು ಜ್ವರದ ಸಿರಪ್ಪಿನಲ್ಲಿ. ಪ್ಯಾರಸಿಟಮಾಲ್ ಸಿರಪ್ಪು ಎಲ್ಲ ಒಂದೇ ಅಲ್ಲ. ಒಂದು ಬಾಟ್ಲಿಯಲ್ಲಿ 5 ಮಿಲಿಗೆ 125 ಮಿಲಿಗ್ರಾಂ ಇರ್ತದೆ, ಇನ್ನೊಂದರಲ್ಲಿ 5 ಮಿಲಿಗೆ 250. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಅಂತ ಲೆಕ್ಕ ಹಾಕಿ. ಮೊದಲನೇ ಬಾಟ್ಲಿಯಲ್ಲಿ ಅದು 6 ಮಿಲಿ, ಎರಡನೆಯದರಲ್ಲಿ 3 ಮಿಲಿ. ಹಳೇ ಬಾಟ್ಲಿ ಲಾರಿಯಲ್ಲಿ ಹೋಗಿರ್ತದೆ, ಹೊಸ ಊರಿನ ಅಂಗಡಿಯವರು ದಪ್ಪದ್ದು, ಅಂದರೆ 250ರದ್ದು ಕೊಡ್ತಾರೆ, ನೀವು ಕೈ ರೂಢಿಯ ಪ್ರಕಾರ 6 ಮಿಲಿ ಕುಡಿಸ್ತೀರಿ. ದುಪ್ಪಟ್ಟು ಆಯ್ತಲ್ಲ? ಅದಕ್ಕೇ ಹೇಳೋದು, ಮನೆಯಲ್ಲಿ ಕೊಡ್ತಿದ್ದ ಬಾಟ್ಲಿ, ಅದರ ಅಳತೆಯ ಮುಚ್ಚಳದ ಸಮೇತ, ಗಂಟಿನಲ್ಲಿ. ಭೇದಿಗೆ ಓಆರ್‌ಎಸ್ ನಾಲ್ಕು ಪೊಟ್ಟಣ ಇಟ್ಟುಕೊಳ್ಳಿ. ಅಂಗಡಿಯಲ್ಲಿ ತೂಗುಹಾಕಿದ ಸಿಹಿ ಪಾನೀಯದ ಡಬ್ಬಿ ಅಲ್ಲ, ಔಷಧ ಅಂಗಡಿಯ ಪುಡಿ. ಒಂದು ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು ಪೂರ್ತಿ ಒಂದು ಲೀಟರು, ಅರ್ಧ ಲೋಟಕ್ಕೆ ಅಂದಾಜಿನ ಚಿಟಿಕೆ ಅಲ್ಲ. ಭೇದಿ ಆದ ಪ್ರತಿ ಸಲ, ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಕಲಸಿದ್ದು ಇಪ್ಪತ್ನಾಲ್ಕು ಗಂಟೆ ಕಳೆದರೆ ಚೆಲ್ಲಿ.

ಸಮಯ ಓಡ್ತಾ ಇದೆ, ದಾರಿಯ ವಿಷಯ ಬೇಗ ಹೇಳ್ತೇನೆ. ಹೊರಡೋದಾದರೆ ಮೇ ಒಳಗೆ ಹೊರಡಿ. ಮಳೆಗಾಲದ ಘಟ್ಟವನ್ನು ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿ ಹೋದದ್ದು ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿಗಾದರೆ ಸಂಜೆ ಹೊರಟು ಬೆಳಿಗ್ಗೆ ಮುಟ್ಟಿಸುವ ಪಂಚಗಂಗಾ ರೈಲೇ ಮಕ್ಕಳಿಗೆ ಸುಖ. ಐದು ವರ್ಷದೊಳಗೆ ಟಿಕೆಟ್ ಬೇಡ, ಆದರೆ ಬೇರೆ ಬರ್ತ್ ಸಿಗೋದಿಲ್ಲ. ಕೆಳಗಿನ ಬರ್ತಿನಲ್ಲಿ ಮಗುವನ್ನು ಗೋಡೆ ಬದಿಗೆ ಹಾಕಿ ನೀವು ಹೊರಬದಿಗೆ ಮಲಗಿ.

ಕಾರಿನಲ್ಲೋ ಬಸ್ಸಿನಲ್ಲೋ ಹುಬ್ಬಳ್ಳಿ ಕಡೆ ಹೋಗುವವರು ಅರಬೈಲ್ ಘಟ್ಟ ಹತ್ತಬೇಕು. ವಾಂತಿಗೆ ಖಾಲಿ ಹೊಟ್ಟೆಯೂ ಕಾರಣ, ತುಂಬಿದ ಹೊಟ್ಟೆಯೂ ಕಾರಣ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು, ಪೂರಿ ಬೇಡ, ಲೋಟ ತುಂಬ ಹಾಲು ಬೇಡ. ಅಂಕೋಲಾ ದಾಟಿದ ಮೇಲೆ ಬಾಯಿಗೆ ಏನೂ ಕೊಡಬೇಡಿ, ಯಲ್ಲಾಪುರದಲ್ಲಿ ಇಳಿದು ಕೊಡಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರಿಗೂ ಇದೇ ಕ್ರಮ. ತಿರುವಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ವಾಂತಿಗೆ ನೀವೇ ಕರೆ ಕೊಟ್ಟ ಹಾಗೆ. ಕಣ್ಣು ನಿಂತದ್ದನ್ನು ನೋಡ್ತದೆ, ಕಿವಿಯೊಳಗಿನ ಸಮತೋಲದ ಅಂಗ ಅಲುಗಾಟ ಹೇಳ್ತದೆ. ಎರಡೂ ಹೊಂದೋದಿಲ್ಲ. ಕಿಟಕಿ ತೆಗೆದು ದೂರದ ಗುಡ್ಡ ತೋರಿಸಿ. ಎರಡು ವರ್ಷದೊಳಗಿನವರಿಗೆ ವಾಂತಿ ತಡೆಯುವ ಸಿರಪ್ಪು ನೀವಾಗಿ ಕೊಡಬೇಡಿ.

ಲಾರಿ ತುಂಬುವ ದಿನ ಒಬ್ಬರು ದೊಡ್ಡವರಿಗೆ ಮಗುವನ್ನು ನೋಡಿಕೊಳ್ಳೋದೇ ಕೆಲಸ. ಹಗ್ಗ ಹಿಡಿಯೋದಲ್ಲ, ಚಹಾ ಮಾಡೋದಲ್ಲ. ಆದರೆ ಮಗುವನ್ನು ಇಡೀ ದಿನ ನೆರೆಮನೆಯಲ್ಲಿ ಬಚ್ಚಿಡಬೇಡಿ. ನಿದ್ದೆ ಮಾಡಿ ಬಂದು ನೋಡಿದರೆ ಮನೆಯೇ ಖಾಲಿ ಅಂದರೆ ಅದು ಹೆದರ್ತದೆ. ತನ್ನ ತೊಟ್ಟಿಲು ಲಾರಿ ಏರೋದನ್ನ ನೋಡಲಿ. ‘ನಾಳೆ ವಾಪಸ್ ಬರೋಣ’ ಅಂತ ಸುಳ್ಳು ಹೇಳಬೇಡಿ, ನಾಳೆ ಅಂದರೇನು ಅಂತ ನಾಲ್ಕು ವರ್ಷದವರಿಗೆ ಚೆನ್ನಾಗಿ ಗೊತ್ತು.

ಹೊಸ ಮನೆ ಹೊಕ್ಕ ಕೂಡಲೇ ಒಂದು ಮೂಲೆ ಗುಡಿಸಿ, ಗೋದಡಿ ಹಾಸಿ, ಪರದೆ ಕಟ್ಟಿ, ದೀಪ ಹಾಕಿ. ಹಾಲು ಉಕ್ಕಿಸೋದು ಅದರ ನಂತರ ಆದರೂ ನಡೀತದೆ. ಮಗುವಿನ ಗಂಟು ಮೊದಲು ಬಿಚ್ಚಿ ಅಂತ ಮತ್ತೆ ಹೇಳ್ತಾ ಇದ್ದೇನೆ, ಯಾಕೆಂದರೆ ಅಷ್ಟು ಹೇಳಿದರೂ ನೀವು ಮೊದಲು ಟಿ.ವಿ. ಪೆಟ್ಟಿಗೆಯನ್ನೇ ಬಿಚ್ಚುವವರು. ನೆಲಮಟ್ಟದ ಮನೆಯಲ್ಲಿ ಬೆಳೆದ ಮಗುವಿಗೆ ಕಿಟಕಿಯಾಚೆ ಅಂಗಳವೇ ಇರ್ತದೆ, ಮೂರನೇ ಮಹಡಿ ಅನ್ನೋದು ಅದಕ್ಕೆ ಗೊತ್ತಿಲ್ಲ. ಕಿಟಕಿ, ಬಾಲ್ಕನಿ ಹತ್ತಿರ ಪೆಟ್ಟಿಗೆ ಪೇರಿಸಿದರೆ ಅದು ಮೆಟ್ಟಿಲಾಗ್ತದೆ. ನೀರು ಯಾವಾಗ ಬರ್ತದೋ ಅಂತ ಮೊದಲ ದಿನ ಎಲ್ಲ ಬಕೆಟು ತುಂಬಿಸಿಡ್ತೀರಿ. ಒಂದು ವರ್ಷದ ಮಗು ತಲೆ ಭಾರಕ್ಕೆ ಬಕೆಟಿನೊಳಗೆ ಬಗ್ಗಿ ಬಿದ್ದರೆ ತಾನಾಗಿ ಮೇಲೇಳಲಾರದು. ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಹಾಸಿಗೆ ಒದ್ದೆ ಮಾಡೋದು, ಬೆರಳು ಚೀಪೋದು ಕೆಲವು ವಾರ ಇರ್ತದೆ. ಬೈಯಬೇಡಿ. ಎರಡು ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಎರಡೇ ನಿಮಿಷ, ಕಾಗದ ಪತ್ರ. ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡು ಗಂಟಿನಲ್ಲಿ, ಅದರ ಫೋಟೋ ಇಬ್ಬರ ಮೊಬೈಲಿನಲ್ಲೂ. ದಡಾರ, ರುಬೆಲ್ಲಾದ ಎರಡನೇ ಲಸಿಕೆ ಮತ್ತು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್ 16ರಿಂದ 24 ತಿಂಗಳ ಒಳಗೆ, ಇನ್ನೊಂದು ಡಿಪಿಟಿ ಬೂಸ್ಟರ್ ಐದು ವರ್ಷ ದಾಟಿದ ಮೇಲೆ. ಊರು ಬದಲಿಸುವವರು ಮರೆಯೋದು ಇವನ್ನೇ. ದೇಶದ ಯಾವ ಸರಕಾರಿ ಆರೋಗ್ಯ ಕೇಂದ್ರದಲ್ಲೂ ಉಚಿತವಾಗಿ ಕೊಡ್ತಾರೆ. ತಪ್ಪಿಹೋಗಿದ್ದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸ್ತಾರೆ. ಶಾಲೆಗೆ ಹೋಗುವ ಮಗುವಿದ್ದರೆ ಟಿ.ಸಿ.ಗೆ ಇವತ್ತೇ ಅರ್ಜಿ ಕೊಡಿ. ಟಿ.ಸಿ. ತಡವಾಯ್ತು ಅಂತ ಹೊಸ ಊರಿನ ಸರಕಾರಿ ಅಥವಾ ಅನುದಾನಿತ ಶಾಲೆಯವರು ಪ್ರವೇಶ ನಿರಾಕರಿಸುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ನಿನಲ್ಲೇ ಅದು ಇದೆ. ಅರ್ಜಿಯ ಒಂದು ಪ್ರತಿಗೆ ಶಾಲೆಯ ಸೀಲು, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ.

ನಮಸ್ಕಾರ.